ಮುದುಕಿಯರಿಲ್ಲದ ಚಾಳ

ನಮ್ಮ ಚಾಳದ ಮಕ್ಕಳಿಗೆ ಮುದುಕಿಯ ಆಟ ಆಡಲು ಬರುತ್ತಿರಲಿಲ್ಲ. ಹಳ್ಳಿಯ ಹುಡುಗಿಯರು ಮನೆಯಾಟ ಆಡುವಾಗ ಒಬ್ಬಳು ಸೊಂಟ ಬಾಗಿಸಿ, ಕೋಲು ಹಿಡಿದು, ಸೊಸೆಯಾದವಳನ್ನು ಬೈಯುತ್ತ ತಿರುಗುತ್ತಾಳಲ್ಲ, ಆ ಆಟ. ನಮ್ಮಲ್ಲಿ ಅವ್ವ ಆಗುವವರಿದ್ದರು, ಅಪ್ಪ ಆಗುವವರಿದ್ದರು, ಕೆಲಸಕ್ಕೆ ಕರೆಯುವ ಗಿರಣಿಯ ಭೋಂಗಾ ಆಗಿ ಕೂಗುವ ಹುಡುಗರಂತೂ ಬೇಕಾದಷ್ಟು. ಆದರೆ ಅತ್ತೆ ಹೇಗೆ ಕೂಡುತ್ತಾಳೆ, ಎಲೆ ಅಡಿಕೆ ಹೇಗೆ ಕುಟ್ಟುತ್ತಾಳೆ, ಯಾವುದಕ್ಕೆ ಸಿಟ್ಟಾಗುತ್ತಾಳೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ನೋಡಿದ್ದರೆ ತಾನೆ ಗೊತ್ತಾಗುವುದು? ಸಾಲಿನ ಈ ತುದಿಯಿಂದ ಆ ತುದಿಯವರೆಗೆ ತಲೆ ನರೆತ ಹೆಂಗಸು ಒಬ್ಬಳೂ ಇರಲಿಲ್ಲ.

ಮೊದಲ ಮಹಾಯುದ್ಧ ಮುಗಿದು, ಇನ್‌ಫ್ಲುಯೆಂಜಾ ಬಂದು ಹೋದ ಮೇಲಿನ ವರ್ಷಗಳ ಮಾತು ಇದು. ಚಾಳ, ಅಂದರೆ ಒಂದೊಂದು ಖೋಲಿಯ ಮನೆಗಳ ಸಾಲು, ಇದ್ದದ್ದು ಗೋಕಾಕದ ಹತ್ತಿರದ ನೂಲಿನ ಗಿರಣಿಯ ಬೆನ್ನಿಗೆ. ನಮ್ಮ ಅಪ್ಪ ಹುಕ್ಕೇರಿ ಕಡೆಯ ಘೋಡಗೇರಿಯವನು, ಅವ್ವ ಮೂಡಲಗಿ ಕಡೆಯ ಕುಲಗೋಡದವಳು. ಎಡಗಡೆಯ ಖೋಲಿಯಲ್ಲಿ ರತ್ನಾಗಿರಿಯಿಂದ ಬಂದ ಮರಾಠಿ ಗಂಡಹೆಂಡತಿ, ಬಲಗಡೆ ಅಂಕಲಗಿಯ ಅಣ್ಣತಮ್ಮಂದಿರು, ಅವರಾಚೆ ಸೊಲ್ಲಾಪುರದ ತೆಲುಗು ನೇಕಾರರು, ಕೊನೆಗೆ ಹುಕ್ಕೇರಿಯ ಒಂದು ಮುಸಲ್ಮಾನ ಕುಟುಂಬ. ಒಂದು ನಾಲಾ ಹರಿಯುತ್ತಿತ್ತು; ಅದರ ಆಚೆ ಇನ್ನೊಂದು ಸಾಲು. ಊರು ಯಾರನ್ನು ಮುಟ್ಟಿಸಿಕೊಳ್ಳುತ್ತಿರಲಿಲ್ಲವೋ ಅವರು ಅಲ್ಲಿದ್ದರು. ಗಿರಣಿಯೊಳಗೆ ಎಲ್ಲರೂ ಅದೇ ಹತ್ತಿಯ ಧೂಳು ಕುಡಿಯುತ್ತಿದ್ದೆವು, ಹೊರಗೆ ಬಂದ ಕೂಡಲೆ ನಾಲಾ ನೆನಪಾಗುತ್ತಿತ್ತು.

ಚಾಳದಲ್ಲಿ ಮುದುಕಿಯರಿರಲಿಲ್ಲ ಎಂದೆ, ಎಳೆಗೂಸುಗಳೂ ಇರಲಿಲ್ಲ. ಬಸುರಿಗೆ ಏಳು ತಿಂಗಳು ತುಂಬಿತೋ, ತವರಿನಿಂದ ಬಂಡಿ ಬರುತ್ತಿತ್ತು. ರತ್ನಾಗಿರಿಯವಳಾದರೆ ರೈಲು, ನಂತರ ಘಟ್ಟ ಇಳಿಯುವ ದಾರಿ. ಕೂಸು ಕುತ್ತಿಗೆ ನಿಲ್ಲಿಸಿ, ಮಗ್ಗುಲಾಗಿ, ಕೂಡಲು ಕಲಿತ ಮೇಲೆ ತಾಯಿ ತಿರುಗಿ ಬರುತ್ತಿದ್ದಳು. ಇತ್ತ, ಯಾರಿಗಾದರೂ ಕೆಮ್ಮು ಹತ್ತಿ ಕೈ ನಡುಗಲು ಶುರುವಾದರೆ ಅವರನ್ನು ಗಂಟುಮೂಟೆ ಕಟ್ಟಿ ಊರಿಗೆ ಕಳಿಸುತ್ತಿದ್ದರು. ಹುಟ್ಟುವುದಕ್ಕೆ ಒಂದೂರು, ಸಾಯುವುದಕ್ಕೆ ಒಂದೂರು, ನಡುವಿನ ದುಡಿತಕ್ಕೆ ಮಾತ್ರ ನಮ್ಮ ಚಾಳ. ಹಳ್ಳಿಗಳ ಲೆಕ್ಕ ಇದರ ಉಲ್ಟಾ. ಇನ್‌ಫ್ಲುಯೆಂಜಾ ಬಂದಾಗ ಘೋಡಗೇರಿಯಲ್ಲಿ ಗಟ್ಟಿಮುಟ್ಟಾದ ಪ್ರಾಯದವರೇ ಹೆಚ್ಚು ಸತ್ತರು. ಅಪ್ಪನ ತಾಯಿತಂದೆ ಇಬ್ಬರೂ ಆಗಲೇ ಹೋದರು. ಉಳಿದ ಪ್ರಾಯದವರನ್ನು ಗಿರಣಿ ಎಳೆದುಕೊಂಡಿತು. ಓಣಿಯಲ್ಲಿ ಉಳಿದವರು ಕಟ್ಟೆಯ ಮೇಲಿನ ಮುದುಕರು ಮತ್ತು ತೊಟ್ಟಿಲಲ್ಲಿನ ಮಕ್ಕಳು.

ಆಮೇಲಿನ ಕಾಲದಲ್ಲಿ ಓದಿದ ಮಂದಿ ಇದನ್ನೆಲ್ಲ ದೊಡ್ಡ ದೊಡ್ಡ ಮಾತಿನಲ್ಲಿ ಹೇಳುವುದನ್ನು ಕೇಳಿದ್ದೇನೆ. ಈ ಸೀಮೆಯ ಜನ ಬದಲಾಗುತ್ತಿದ್ದಾರೆ, ಹಳ್ಳಿಗೆ ಮುಪ್ಪು ಬಂದಿದೆ, ಗಿರಣಿಯ ಸುತ್ತ ಹೊರಗಿನವರು ತುಂಬಿಕೊಂಡಿದ್ದಾರೆ, ಎಂದು. ಹೊರಗಿನವರು ಎನ್ನುವ ಮಾತು ಕೇಳಿದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ನಾವು ಹೊಳೆಯ ಪ್ರವಾಹಕ್ಕೆ ತೇಲಿ ಬಂದ ಕಸವೇನು? ನಮ್ಮವ್ವನಂಥವರು ಹಲ್ಲು ಕಚ್ಚಿ ಅಲ್ಲಿ ನಿಂತದ್ದಕ್ಕೇ ಅದು ಊರಾಯಿತು. ಹೇಗೆ ನಿಂತಳು ಎಂದು ಹೇಳುತ್ತೇನೆ.

ಅವ್ವ ರೀಲಿಂಗ್ ಖಾತೆಯಲ್ಲಿದ್ದಳು. ನೂಲನ್ನು ಲಡಿಯಾಗಿ ಸುತ್ತುವ ಕೆಲಸ, ಅಲ್ಲಿ ಎಲ್ಲರೂ ಹೆಂಗಸರೇ. ಸುತ್ತುವ ಯಂತ್ರಕ್ಕೆ ಸಾಂಚೆ ಎನ್ನುತ್ತಿದ್ದರು; ಒಂದೊಂದು ಸಾಂಚೆಗೆ ಒಬ್ಬ ಖಾಯಂ ಹೆಂಗಸು. ಅವಳು ಬಾರದ ದಿನ ನಿಲ್ಲಲು ಗೇಟಿನ ಹೊರಗೆ ಬದಲಿಯವರ ದಂಡು. ಬದಲಿ ಎಂದರೆ ದಿನಾ ಬೆಳಗ್ಗೆ ಗೇಟಿನ ಮುಂದೆ ನಿಂತು, ಮುಕಾದಮ ಬೆರಳು ತೋರಿಸಿದರೆ ಒಳಗೆ, ಇಲ್ಲದಿದ್ದರೆ ಮನೆಗೆ. ಅವ್ವ ಎರಡು ಸಲ ಖಾಯಂ ಆಗಿ ಎರಡು ಸಲವೂ ಜಾಗ ಕಳೆದುಕೊಂಡಿದ್ದಳು. ನಾನು ಹುಟ್ಟುವಾಗ ಕುಲಗೋಡಕ್ಕೆ ಹೋದದ್ದು ಒಂದು ಸಲ, ನನ್ನ ತಮ್ಮ ಹುಟ್ಟುವಾಗ ಇನ್ನೊಂದು ಸಲ. ತಮ್ಮ ಒಂದು ವರ್ಷವೂ ತುಂಬದೆ ಹೋದ. ಜಾಗವೂ ಹೋಗಿತ್ತು. ಅವ್ವ ಮತ್ತೆ ಗೇಟಿನ ಮುಂದೆ ನಿಂತು ನಿಂತು, ಎಷ್ಟೋ ಕಾಲದ ಮೇಲೆ ಸಾಂಚೆ ಹಿಡಿದಳು. ಆ ಸಾಂಚೆಯನ್ನು ಅವಳು ದೇವರ ಜಗುಲಿ ಒರೆಸಿದ ಹಾಗೆ ಒರೆಸುತ್ತಿದ್ದಳಂತೆ.

ಮತ್ತೆ ಬಸುರಾದಾಗ ಅವ್ವ ಒಂದೇ ಮಾತು ಹೇಳಿದಳು: ಈ ಸಲ ತವರಿಗೆ ಹೋಗುವುದಿಲ್ಲ, ಇಲ್ಲೇ ಹಡೆಯುತ್ತೇನೆ. ಅಪ್ಪ ಸೌಮ್ಯ ಸ್ವಭಾವದವನು. ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಹೊರಗೆ ಹೋಗಿ ಬೀಡಿ ಹಚ್ಚಿದ. ಘೋಡಗೇರಿಯಿಂದ ಅವನ ದೊಡ್ಡಪ್ಪ, ನಮ್ಮ ಮನೆತನದ ಕೂಸು ಮಂದಿಯ ಖೋಲಿಯಲ್ಲಿ ಹುಟ್ಟಬೇಕೇನು, ಎಂದು ಹೇಳಿಕಳಿಸಿದ. ಮನೆತನದಲ್ಲಿ ಉಳಿದದ್ದೇ ಆ ದೊಡ್ಡಪ್ಪ ಮತ್ತು ಅವನ ಕೋಲು, ಅದು ಬೇರೆ ಮಾತು.

ಏಳನೆಯ ತಿಂಗಳಲ್ಲಿ ಕುಲಗೋಡದಿಂದ ಅವ್ವನ ಅಣ್ಣ ಬಂಡಿ ಕಟ್ಟಿಕೊಂಡು ಬಂದ. ಕುಬಸದ ಶಾಸ್ತ್ರ ಮಾಡಿ ಬಸುರಿ ತಂಗಿಯನ್ನು ಕರೆದೊಯ್ಯುವುದು ತವರಿನ ಹಕ್ಕು, ಮರ್ಯಾದೆ ಕೂಡ. ಹಸಿರು ಸೀರೆ, ಹಸಿರು ಕುಬಸದ ಖಣ, ಬಳೆ, ಬುತ್ತಿ ತುಂಬಾ ಹೋಳಿಗೆ, ಕರಿಗಡಬು, ಎಳ್ಳು ಹಚ್ಚಿದ ರೊಟ್ಟಿ ತಂದಿದ್ದ. ಅವ್ವ ಸೀರೆ ಉಟ್ಟು ಕೂತಳು. ತೆಲುಗಿನವಳು ಅರಿಶಿನ ಹಚ್ಚಿದಳು, ರತ್ನಾಗಿರಿಯ ಬಾಯಿ ತನ್ನ ಭಾಷೆಯಲ್ಲಿ ಹಾಡಿದಳು, ಹುಕ್ಕೇರಿಯವಳು ಬಾಗಿಲಲ್ಲಿ ನಿಂತು ನಕ್ಕಳು. ಎಲ್ಲರೂ ಹೋಳಿಗೆ ತಿಂದರು. ಮಾವನ ಮುಖ ಅರಳಿತ್ತು. ಊಟವಾದ ಮೇಲೆ ಅವನು ಬಂಡಿಗೆ ಹುಲ್ಲು ಹಾಸಿ, ಅದರ ಮೇಲೆ ಕೌದಿ ಹಾಸಿ ಕರೆದ. ಅವ್ವ ಹೊಸ್ತಿಲು ದಾಟಲಿಲ್ಲ.

“ಯಣ್ಣಾ, ಬಂಡಿ ಹತ್ತಿದ್ರ ನನ್ನ ಜಾಗಾ ಹೋಗತೈತಿ. ಎರಡ ಸಲ ಹೋಗೈತಿ. ಮೂರನೇ ಸಲ ನಾ ಬಿಟ್ಟಕೊಡಾಂಗಿಲ್ಲ,” ಎಂದಳು.

ಅಣ್ಣತಮ್ಮಂದಿರು ಬಾಣಂತನ ಮಾಡಲಿಲ್ಲ ಎಂದು ಊರಲ್ಲಿ ಮಂದಿ ಆಡಿಕೊಳ್ಳುತ್ತಾರೆ ಎಂದು ಮಾವ ಹೇಳಿದ. ತವರು ಸತ್ತಿದೆಯೇನು ಎಂದೂ ಕೇಳಿದ. ಮಂದಿ ಬಂದು ತನ್ನ ಬದಲಿ ನೂಲು ಸುತ್ತುತ್ತಾರೇನು ಎಂದು ಅವ್ವ ಕೇಳಿದಳು. ಮಾವ ಎದ್ದು ಎತ್ತು ಹೂಡಿದ. ಹಾಸಿದ ಕೌದಿಯನ್ನು ಮಡಚದೆ ಹಾಗೇ ಬಂಡಿ ಹೊಡೆದುಕೊಂಡು ಹೋದ. ಬಸುರಿಯನ್ನು ತರಲು ಹೋದ ಬಂಡಿ ಬರಿದಾಗಿ ತಿರುಗಿ ಬಂದರೆ ಹಳ್ಳಿಯಲ್ಲಿ ಅದು ಎಂಥ ಅವಮಾನ ಎಂದು ನನಗೆ ಆಗ ತಿಳಿದಿರಲಿಲ್ಲ, ಅವ್ವನಿಗೆ ತಿಳಿದಿತ್ತು. ಅವಳು ಒಳಗೆ ಹೋಗಿ ಹಸಿರು ಸೀರೆ ಬಿಚ್ಚಿಟ್ಟು ಗಿರಣಿಯ ಸೀರೆ ಉಟ್ಟಳು.

ಚಾಳದ ಹೆಂಗಸರು ಭಲೇ ಭಲೇ ಎಂದರು. ನಮ್ಮಲ್ಲಿ ಒಬ್ಬಳಾದರೂ ಗಟ್ಟಿ ಇದ್ದಾಳಲ್ಲ ಎಂದು ಹೆಮ್ಮೆಪಟ್ಟರು. ದಿನ ಸಮೀಪಿಸಿದ ಹಾಗೆ ಒಂದು ಸಂಗತಿ ಬೆಳಕಿಗೆ ಬಂತು. ಹೆರಿಗೆ ಮಾಡಿಸಲು ಒಬ್ಬರಿಗೂ ಬರುತ್ತಿರಲಿಲ್ಲ. ಪಕ್ಕದವಳಿಗೆ ಗೊತ್ತಿದೆ ಎಂದು ಒಬ್ಬೊಬ್ಬಳೂ ತಿಳಿದುಕೊಂಡಿದ್ದಳು. ರತ್ನಾಗಿರಿಯ ಬಾಯಿ ಮೂರು ಹಡೆದಿದ್ದಳು, ಮೂರೂ ಸಲ ಕಣ್ಣು ಮುಚ್ಚಿಕೊಂಡು ತನ್ನ ತಾಯಿಯ ಕೊರಳು ಹಿಡಿದಿದ್ದಳಂತೆ. ಹಿಂದೆ ಏನು ನಡೆಯಿತೋ ಅವಳಿಗೆ ಗೊತ್ತಿಲ್ಲ. ತೆಲುಗಿನವಳಿಗೆ ಕಾಯಿಸಿದ ಕುಡುಗೋಲಿನ ನೆನಪಿತ್ತು, ಅದರಿಂದ ಎಲ್ಲಿ ಕೊಯ್ಯಬೇಕು ಎಂಬುದು ಮರೆತಿತ್ತು. ಹಡೆದವರು ಅಷ್ಟು ಮಂದಿ, ಹಡೆಸಿದವರು ಒಬ್ಬರೂ ಇಲ್ಲ. ಆ ವಿದ್ಯೆಯೆಲ್ಲ ಹಳ್ಳಿಯ ಕಟ್ಟೆಗಳ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿತ್ತು. ಗಿರಣಿಯ ದವಾಖಾನೆಯ ಕಂಪೌಂಡರ ಕೈಗೆ ಪಟ್ಟಿ ಕಟ್ಟುವುದು ಬಿಟ್ಟರೆ ಕ್ವಿನೈನ್ ಕೊಡುತ್ತಿದ್ದ, ಅಷ್ಟೇ. ಅವ್ವ ಎಲ್ಲರ ಮುಂದೆ ಧೈರ್ಯವಾಗಿಯೇ ಇದ್ದಳು. ಒಮ್ಮೆ ಮಾತ್ರ ನನ್ನ ತಲೆ ಬಾಚುತ್ತ, ನನಗೇನಾದರೂ ಆದರೆ ನೀನು ಕುಲಗೋಡಕ್ಕೆ ಹೋಗು, ಎಂದಳು. ನಾನು ಹೋಗುವುದಿಲ್ಲ ಎಂದೆ. ತಲೆಗೆ ಒಂದು ಬಿತ್ತು.

ಆಗ ಬಂದವಳು ಆಯಿ, ಅವ್ವನ ತಾಯಿ. ಮಾವನಿಗೆ ಹೇಳದೆ, ಪಕ್ಕದ ಮನೆಯವರ ಬಂಡಿ ಕಟ್ಟಿಸಿಕೊಂಡು ಒಬ್ಬಳೇ ಬಂದಿದ್ದಳು. ಗಟ್ಟಿ ಮೈಯ, ಕಡು ಬಾಯಿಯ ಹೆಂಗಸು. ಇಳಿದವಳೇ ಬೈಯಲು ಶುರುಮಾಡಿದಳು. ಗಿರಣಿಯನ್ನು ಬೈದಳು, ಅದರ ಹೊಗೆಯನ್ನು ಬೈದಳು, ಅಳಿಯನ ಬೀಡಿಯನ್ನು ಬೈದಳು. ಮಗಳನ್ನು ಹೆಡಮುರಿಗೆ ಕಟ್ಟಿಯಾದರೂ ಒಯ್ಯುತ್ತೇನೆ, ಅದಕ್ಕೇ ಬಂಡಿ ನಿಲ್ಲಿಸಿದ್ದೇನೆ, ಎಂದಳು. ಬಂಡಿಯಲ್ಲಿ ಒಣ ಕೊಬ್ಬರಿ, ಅಂಟು, ಉತ್ತತ್ತಿ, ಬೆಲ್ಲ ಇದ್ದವು. ಮಗಳನ್ನು ಒಯ್ಯುವವಳು ಬಾಣಂತನದ ಸಾಮಾನನ್ನು ಇಲ್ಲಿಗೆ ಯಾಕೆ ತಂದಳು ಎಂದು ಯಾರೂ ಕೇಳಲಿಲ್ಲ.

ಸಾಮಾನಿನ ಜತೆ ಮೂರು ಕೊಡ ನೀರೂ ಇತ್ತು. ಕುಲಗೋಡದ ತನ್ನ ಬಾವಿಯ ನೀರು, ಬಾಯಿಗೆ ಬಟ್ಟೆ ಕಟ್ಟಿ ತಂದಿದ್ದಳು. ಚಾಳದ ನಳದಲ್ಲಿ ಕಂಡಕಂಡ ಜಾತಿಯವರು ಕೊಡ ಇಡುತ್ತಾರೆ, ಆ ನೀರು ತನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂಬುದು ಅವಳ ಹಟ. ದಾರಿಯಲ್ಲಿ ಅರ್ಧಕ್ಕರ್ಧ ತುಳುಕಿ ಹೋಗಿತ್ತು. ಉಳಿದದ್ದನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಅವ್ವ ಬಂಡಿ ಹತ್ತಲಿಲ್ಲ, ಆಯಿ ನಳದ ನೀರು ಮುಟ್ಟಲಿಲ್ಲ. ಇಬ್ಬರೂ ಒಂದೇ ಅಚ್ಚಿನವರು. ಬಂಡಿಯವನು ಕಾದು ಕಾದು ಬೇಸತ್ತು ತಿರುಗಿ ಹೋದ.

ಬೇನೆ ಹತ್ತಿದ್ದು ರವಿವಾರ. ಗಿರಣಿಗೆ ಸೂಟಿ, ಹಾಗಾಗಿ ನೀರೆತ್ತುವ ಪಂಪಿಗೂ ಸೂಟಿ. ರವಿವಾರ ನಳದಲ್ಲಿ ಒಂದು ಹನಿ ಬರುತ್ತಿರಲಿಲ್ಲ. ಅಪ್ಪ, ಉಳಿದ ಗಂಡಸರು ಸಂತೆಗೆ, ಚಾಳದ ಹೆಂಗಸರೆಲ್ಲ ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದರು. ರತ್ನಾಗಿರಿಯ ಬಾಯಿಯೊಬ್ಬಳು ಇದ್ದಳು. ಆಯಿ ಅವಳನ್ನು ಅವ್ವನ ಬೆನ್ನಿಗೆ ಕೂಡಿಸಿ, ನನಗೆ ಒಲೆ ಹಚ್ಚಲು ಹೇಳಿದಳು. ಕುಲಗೋಡದ ನೀರಿನಲ್ಲಿ ಒಂದು ಚರಿಗೆ ಉಳಿದಿತ್ತು. ನಮ್ಮ ಮನೆಯ ಕೊಡ ಖಾಲಿ, ರತ್ನಾಗಿರಿಯವಳದೂ ಖಾಲಿ, ಉಳಿದವರ ಬಾಗಿಲಿಗೆ ಬೀಗ. ನಾನು ಹೊಳೆಗೆ ಓಡುತ್ತೇನೆ ಎಂದೆ. ಅಷ್ಟು ಹೊತ್ತು ಇಲ್ಲ ಎಂದು ಆಯಿ ಹಲ್ಲು ಕಚ್ಚಿದಳು. ಅವಳ ಮುಖದಲ್ಲಿ ಹೆದರಿಕೆ ನೋಡಿದ್ದು ನಾನು ಆಗಲೇ.

ನಾಲಾದ ಆಚೆಯ ಸಾಲಿಗೂ ಒಂದು ನಳ ಇತ್ತು, ನಮ್ಮ ನಳಗಳು ತುಂಬಿದ ಮೇಲೆ ಅಲ್ಲಿ ಸಣ್ಣಗೆ ಹರಿಯುತ್ತಿತ್ತು. ಅದಕ್ಕೇ ಅವರು ಶನಿವಾರವೇ ಇದ್ದಬದ್ದ ಹರವಿ, ಕೊಡ, ಪರಾತ ಎಲ್ಲವನ್ನೂ ತುಂಬಿಟ್ಟುಕೊಳ್ಳುತ್ತಿದ್ದರು. ಅವ್ವನ ಕೂಗು ಅಲ್ಲಿಗೆ ಕೇಳಿಸಿರಬೇಕು. ಅಲ್ಲಿಂದ ಒಬ್ಬಳು ತಲೆಯ ಮೇಲೆ ಒಂದು, ಸೊಂಟದ ಮೇಲೆ ಒಂದು ಕೊಡ ಹೊತ್ತು ನಾಲಾ ದಾಟಿ ಬಂದಳು. ಅವ್ವನ ಜತೆ ರೀಲಿಂಗ್ ಖಾತೆಯಲ್ಲಿ ಕಸ ಗುಡಿಸುವವಳು. ಅವಳೂ ಐದಾರು ತಿಂಗಳ ಬಸುರಿ. ಕೊಡಗಳನ್ನು ನಮ್ಮ ಹೊಸ್ತಿಲಿನಿಂದ ನಾಲ್ಕು ಮಾರು ದೂರ ಇಳಿಸಿ, ಸರಿದು ನಿಂತಳು. ತೆಗೆದುಕೊಳ್ಳುವುದು ಬಿಡುವುದು ನಿಮಗೆ ಬಿಟ್ಟದ್ದು ಎನ್ನುವ ಹಾಗೆ.

ಆಯಿ ಬಾಗಿಲಿಗೆ ಬಂದು ಕೊಡ ನೋಡಿದಳು, ಅವಳನ್ನು ನೋಡಿದಳು, ಅವಳ ಹೊಟ್ಟೆ ನೋಡಿದಳು. ಒಳಗೆ ಅವ್ವ ಮತ್ತೆ ಕೂಗಿದಳು. ಆಯಿ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡಳು.

“ಲಿಂಗಾ ಕಟ್ಟಿದ ಮೈಗಿ ಸೂತಕ ಇಲ್ಲಂತ ಹುಟ್ಟಿದಾಗಿಂದ ಕೇಳಾಕತ್ತೇನಿ. ಮೈಗಿ ಇಲ್ಲದ್ದು ನೀರಿಗಿ ಎಲ್ಲಿಂದ ಬಂತು? ದೂರ ಯಾಕ ನಿಂತೀಯವ್ವಾ, ಒಳಗ ತಾ,” ಎಂದಳು.

ಆ ನೀರು ಒಲೆಯ ಮೇಲೆ ಕಾಯಿತು, ಕುಡುಗೋಲು ಅದರಲ್ಲಿ ಕುದಿಯಿತು. ಹಳ್ಳಿಯಲ್ಲಾದರೆ ಆಯಿ ಬಾಣಂತಿಯ ಬೆನ್ನು ಹಿಡಿಯುವವಳು. ಹೊಕ್ಕುಳ ಕೊಯ್ಯಲು ಸೂಲಗಿತ್ತಿ ಬೇರೆ ಇರುತ್ತಿದ್ದಳು. ಈ ಸಲ ಬೆನ್ನು ಹಿಡಿದವಳು ಕೊಂಕಣದವಳು, ನೀರು ಕೊಟ್ಟವಳು ನಾಲಾದ ಆಚೆಯವಳು, ಕೊಯ್ದವಳು ಸ್ವತಃ ಆಯಿ. ತಂಗಿ ಹುಟ್ಟಿದಳು. ಕೂಸನ್ನು ಎರೆಯುವಾಗ ಆಯಿ ಎರಡೂ ಕಾಲು ಚಾಚಿ, ಕಾಲ ಮೇಲೆ ಅದನ್ನು ಮಲಗಿಸಿಕೊಂಡು, ಸುಡು ಸುಡು ನೀರು ಹೊಯ್ದು ಉಜ್ಜಿದಳು. ಬಾಗಿಲಲ್ಲಿ ಮಕ್ಕಳ ಹಿಂಡು ನೆರೆದಿತ್ತು. ಅವರು ಎರೆಯುವುದನ್ನು ನೋಡಿರಲೇ ಇಲ್ಲ. ಕೂಸನ್ನು ಕುದಿಸುತ್ತಿದ್ದಾಳೆ ಎಂದು ಒಬ್ಬ ಹುಡುಗ ಅಳುತ್ತ ಓಡಿಹೋದ. ಮಾಸನ್ನು ಆಯಿ ನಮ್ಮ ಖೋಲಿಯ ಮುಂದೆ ತಗ್ಗು ತೋಡಿ ಮುಚ್ಚಿದಳು. ಚಾಳದ ಅಂಗಳ ಅಗೆಯಬಾರದು ಎಂಬ ಕಾಯಿದೆ ಇತ್ತು. ಕಾಯಿದೆ ಮಾಡಿದವನು ಯಾರೆಂದು ಆಯಿ ಕೇಳಲಿಲ್ಲ, ನಾವೂ ಹೇಳಲಿಲ್ಲ. ಎಲ್ಲ ಮುಗಿದ ಮೇಲೆ ಉಳಿದ ಕೊಡದಿಂದ ಒಂದು ಚರಿಗೆ ಬಗ್ಗಿಸಿಕೊಂಡು ಗಟಗಟ ಕುಡಿದಳು.

ಬಗೆಹರಿಯದ್ದು ಜಾಗದ ಮಾತು. ಬರುವ ಪಗಾರದ ದಿನದವರೆಗೆ ಸಾಂಚೆ ಹಿಡಿದಿಡುತ್ತೇನೆ, ಒಂದು ದಿನ ಮೀರಿದರೂ ಬದಲಿಯವಳಿಗೆ ಖಾಯಂ ಮಾಡುತ್ತೇನೆ, ಎಂದು ಮುಕಾದಮ ಹೇಳಿಕಳಿಸಿದ್ದ. ಪಗಾರಕ್ಕೆ ಎರಡು ವಾರವೂ ಇರಲಿಲ್ಲ. ಆಯಿಯ ಪ್ರಕಾರ ಬಾಣಂತಿ ತಿಂಗಳೊಪ್ಪತ್ತು ಗಾಳಿಗೆ ಮುಖ ಕೊಡಬಾರದು. ಕೊಟ್ಟರೆ ಸನ್ನಿ ಹಿಡಿಯುತ್ತದೆ, ಕಿವಿ ಹೋಗುತ್ತದೆ, ಸೊಂಟ ಬೀಳುತ್ತದೆ. ಅವ್ವ ಮಾತ್ರ ಪಗಾರದ ಹಿಂದಿನ ದಿನ ಹೋಗಿಯೇ ಹೋಗುತ್ತೇನೆ ಎಂದಳು. ತಾಯಿಮಗಳ ಜಗಳ ಗೋಡೆಯಾಚೆಗೂ ಕೇಳುತ್ತಿತ್ತು.

ಪಗಾರದ ಹಿಂದಿನ ದಿನ ಬೆಳಗ್ಗೆ ಆಯಿ ಎದ್ದು ಮಗಳಿಗೆ ಅಂಟಿನುಂಡಿ ತಿನ್ನಿಸಿ, ಕಿವಿಯಲ್ಲಿ ಅರಳೆ ಇಟ್ಟು, ತಲೆಗೆ ಕಿವಿಗೆ ಬಿಗಿಯಾಗಿ ಅರಿವೆ ಸುತ್ತಿ, ಸೊಂಟಕ್ಕೆ ಹಳೆಯ ಧೋತರ ಬಿಗಿದು, ನಡಿ, ಎಂದಳು. ತಾನು ಕೂಸನ್ನು ಎತ್ತಿಕೊಂಡು ಹಿಂದಿನಿಂದ ನಡೆದಳು. ಅವ್ವ ಆ ಅವತಾರದಲ್ಲಿ ಒಳಗೆ ಹೋಗಿ ಸಾಂಚೆಯ ಮುಂದೆ ನಿಂತಾಗ ಬದಲಿಯವಳು ಪಕ್ಕಕ್ಕೆ ಸರಿದಳಂತೆ. ಆಯಿ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕೂತಳು. ಇಲ್ಲಿ ಕೂಡಬಾರದು ಎಂದು ಪಹರೆಯವನು ಗದರಿಸಿದ. ನಿನ್ನ ತಾಯಿ ನಿನ್ನನ್ನು ಎಲ್ಲಿ ಕೂತು ಸಾಕಿದಳು ತೋರಿಸು, ಅಲ್ಲಿಗೆ ಹೋಗುತ್ತೇನೆ, ಎಂದು ಆಯಿ ಕೇಳಿದಳು. ಅವನು ಬೇರೆ ಕಡೆ ಮುಖ ಮಾಡಿದ. ನಡುವಿನ ಸೂಟಿಯಲ್ಲಿ ಅವ್ವ ಓಡಿ ಬಂದು ಮೊಲೆ ಕೊಟ್ಟು ಓಡಿ ಹೋದಳು. ಮಾರನೆಯ ದಿನವೂ ಹಾಗೆಯೇ. ಜಾಗ ಉಳಿಯಿತು.

ಆಯಿ ಇದ್ದಳೆಂದು ಉಳಿಯಿತು. ಈ ಮಾತು ಅವ್ವನಿಗೂ ಗೊತ್ತಿತ್ತು, ಚಾಳಕ್ಕೂ ಗೊತ್ತಿತ್ತು. ತಂಗಿಯನ್ನು ದಿನವಿಡೀ ನೋಡಿಕೊಳ್ಳುವವರು ಬೇರೆ ಯಾರಿದ್ದರು? ನನ್ನನ್ನು ಗಿರಣಿಯಲ್ಲಿ ಕಂಡಿಕೆಗೆ ನೂಲು ತುಂಬುವ ಕೆಲಸಕ್ಕೆ ಆಗಲೇ ಹಚ್ಚಿದ್ದರು. ಆಯಿಯ ಸುತ್ತ ಬರಬರುತ್ತ ಇಡೀ ಚಾಳವೇ ಕೂಡತೊಡಗಿತು. ಹೊಟ್ಟೆನೋವಿಗೆ ಬಂದರು, ದೃಷ್ಟಿ ತೆಗೆಸಲು ಬಂದರು, ಗಂಡನ ಮೇಲೆ ಚಾಡಿ ಹೇಳಲು ಬಂದರು. ಅವಳು ಎಲ್ಲರನ್ನೂ ಕುಲಗೋಡದ ಕನ್ನಡದಲ್ಲಿ ಬೈಯುತ್ತಿದ್ದಳು. ಮರಾಠಿಯವರಿಗೆ ತೆಲುಗಿನವರಿಗೆ ಅದು ಹೇಗೋ ತಿಳಿಯುತ್ತಿತ್ತು. ಹುಡುಗಿಯರು ಅವಳ ಹಿಂದೆ ಸೊಂಟ ಬಾಗಿಸಿ ನಡೆದು ನಗುತ್ತಿದ್ದರು.

ಕೂಸಿಗೆ ಮೂರು ತಿಂಗಳಾಗುವ ಹೊತ್ತಿಗೆ ಮಾವ ಬಂಡಿ ಕಟ್ಟಿಕೊಂಡು ಮತ್ತೆ ಬಂದ. ಈ ಸಲ ತಾಯಿಯನ್ನು ಒಯ್ಯಲು. ಗಂಡುಮಕ್ಕಳಿದ್ದೂ ಮುದುಕಿ ಮಗಳ ಮನೆಯ ಅನ್ನಕ್ಕೆ ಬಿದ್ದಿದ್ದಾಳೆ ಎಂದು ಊರು ಆಡಿಕೊಳ್ಳುತ್ತಿತ್ತು. ಮೂಡಲಗಿಯ ಸಂತೆಯಲ್ಲಿ ಯಾರೋ ಮುಖದ ಮೇಲೆಯೇ ಅಂದಿದ್ದರಂತೆ. ಮಾವ ಸಿಟ್ಟು ಮಾಡಲಿಲ್ಲ. ತಾಯಿಯ ಕಾಲ ಹತ್ತಿರ ಕೂತು, ತೀರಿಹೋದ ಅಪ್ಪನ ಹೆಸರು ಹೇಳಿ, ನಮ್ಮ ಮನೆಯ ಮಾನ ನಿನ್ನ ಕೈಯಲ್ಲಿದೆ ಎಂದ. ಸಿಟ್ಟಿಗೆ ಆಯಿ ಸೋಲುವವಳಲ್ಲ, ಈ ಮಾತಿಗೆ ಸೋತಳು. ಸಂಜೆ ತನ್ನ ಸೀರೆಗಳನ್ನು ಗಂಟು ಕಟ್ಟಿದಳು. ಅವ್ವ ತಡೆಯಲಿಲ್ಲ. ಇರು ಎಂದು ಕೇಳಿಕೊಳ್ಳುವ ಜಾತಿಯೇ ಅಲ್ಲ ಅವಳು. ನನಗೆ ಮಾವನ ಮೇಲೆ, ಆಯಿಯ ಮೇಲೆ, ಸುಮ್ಮನಿದ್ದ ಅವ್ವನ ಮೇಲೆ, ಎಲ್ಲರ ಮೇಲೆ ಸಿಟ್ಟು ಬಂದಿತ್ತು. ಇವರ ಮಾನ ಉಳಿಯುತ್ತದೆ, ನಮ್ಮವ್ವ ಮತ್ತೆ ಗೇಟಿನ ಮುಂದೆ ನಿಲ್ಲುತ್ತಾಳೆ. ಅದು ಯಾವ ನ್ಯಾಯ?

ಬೆಳಗ್ಗೆ ಮಾವ ಎತ್ತು ಹೂಡಿದ. ಮೊದಲ ಭೋಂಗಾ ಆಗಿತ್ತು. ಅವ್ವ ಗಿರಣಿಯ ಸೀರೆ ಉಟ್ಟು, ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು, ಹೋಗುವುದೋ ಇರುವುದೋ ತಿಳಿಯದೆ. ಆಯಿ ಗಂಟನ್ನು ಬಂಡಿಗೆ ಹಾಕಿದ್ದಳು. ಆಗ ನಾಲಾದ ಆಚೆಯಿಂದ ಒಬ್ಬ ಗಂಡಸು ಓಡುತ್ತ ಬಂದು, ನಮ್ಮ ಸಾಲಿನ ಅಂಚಿಗೆ ಬಂದೊಡನೆ ಗಕ್ಕನೆ ನಿಂತ. ಅಂದು ನೀರು ತಂದವಳ ಗಂಡ. ಅವಳಿಗೆ ಬೇನೆ ಹತ್ತಿತ್ತು, ಕೂಸು ಅಡ್ಡ ಬಂದಿರಬೇಕು ಎಂದು ಅಲ್ಲಿಯ ಹೆಂಗಸರು ಹೆದರಿದ್ದರು; ಆ ಸಾಲಿನಲ್ಲೂ ಮುದುಕಿಯರಿರಲಿಲ್ಲ. ಅವನು ಬಾಯಿ ಬಿಟ್ಟು ಬಾ ಎನ್ನಲಿಲ್ಲ. ಹೇಗೆ ಎಂದಾನು? ಸೂಲಗಿತ್ತಿಯರು ಊರ ಹೊರಗಿನ ಕೇರಿಯಿಂದ ಮೇಲಿನ ಓಣಿಗೆ ಬರುತ್ತಿದ್ದರೇ ಹೊರತು, ಮೇಲಿನ ಓಣಿಯ ಮುದುಕಿ ಆ ಕೇರಿಗೆ ಹಡೆಸಲು ಹೋದದ್ದನ್ನು ಯಾರೂ ಕೇಳಿರಲಿಲ್ಲ. ಸಂಗತಿ ಹೇಳಿ ನೆಲ ನೋಡುತ್ತ ನಿಂತ.

ಆಯಿ ನನಗೆ ಕುಡುಗೋಲು ತರಲು ಹೇಳಿ ಸೆರಗು ಸೊಂಟಕ್ಕೆ ಸಿಗಿಸಿದಳು.

ಮಾವ ಅಡ್ಡ ಬಂದು ನಿಂತ. “ಯವ್ವಾ, ಅಲ್ಲಿಗಿ ಹೋಗಬ್ಯಾಡ. ಹೋದ್ರ ನಾ ನಿನ್ನ ಮನಿಯಾಗ ಹ್ಯಾಂಗ ಕರಕೊಳ್ಳಲಿ?” ಎಂದ. ಅವನ ಧ್ವನಿಯಲ್ಲಿ ಜಬರದಸ್ತಿ ಇರಲಿಲ್ಲ, ದಿಕ್ಕು ತಪ್ಪಿದವನ ಹಾಗೆ ಕೇಳಿದ.

“ಕರಕೊಳ್ಳಬ್ಯಾಡ ಬಿಡು. ಅಲ್ಲಿ ನಮ್ಮ ಓಣ್ಯಾಗ ಕಟ್ಟಿಮ್ಯಾಲ ಹತ್ತ ಮುದುಕ್ಯಾರು ಕುಂತಾರ, ಸೊಸ್ಯಾರನ್ನ ಬೈಕೋತ, ಸಾವು ಯಾವಾಗ ಬರತೈತಿ ಅಂತ ಹಾದಿ ಕಾಯಾಕತ್ತಾರ. ನಾ ಬಂದ್ರ ಹನ್ನೊಂದನೇದಾಕಿ. ಇಲ್ಲಿ ನೋಡು, ಇಷ್ಟೊಂದ ಹೊಟ್ಟಿ ಅದಾವ, ಮುದುಕಿ ನಾ ಒಬ್ಬಾಕಿ.”

ಹೀಗೆಂದು ಆಯಿ ಅವ್ವನ ಮಡಿಲಿನಿಂದ ಕೂಸನ್ನು ಎತ್ತಿ ಮಾವನ ಎರಡೂ ಕೈಗೆ ಕೊಟ್ಟಳು.

“ಹಿಡಿ. ಎರಡನೇ ಭೋಂಗಾ ಆದ ಮ್ಯಾಲ ಗೇಟಿನ ಮುಂದ ಬೇವಿನ ಗಿಡದ ಕೆಳಗ ಕುಂಡ್ರು. ನಡುವಿನ ಸೂಟ್ಯಾಗ ನಿನ್ನ ತಂಗಿ ಬಂದು ಹಾಲು ಕೊಡತಾಳ.”

ನನ್ನ ಕೈಯಿಂದ ಕುಡುಗೋಲು ತೆಗೆದುಕೊಂಡು ಆಯಿ ನಾಲಾ ಇಳಿದು ಹತ್ತಿದಳು. ಆಚೆಯ ಸಾಲಿನ ಹೆಂಗಸರು ಎರಡು ಕಡೆ ಸರಿದು ದಾರಿ ಬಿಟ್ಟರು. ಅವ್ವ ಎದ್ದು ತಲೆಗೂದಲು ಗಂಟು ಹಾಕಿ, ಅಣ್ಣನ ಕಡೆ ಒಮ್ಮೆ ನೋಡಿ, ಗಿರಣಿಯ ಕಡೆಗೆ ದಬದಬ ನಡೆದಳು. ನಾನು ಅವಳ ಹಿಂದೆ ಓಡಿದೆ. ತಿರುವಿನಲ್ಲಿ ನಿಂತು ತಿರುಗಿ ನೋಡಿದೆ. ಮಾವ ಇನ್ನೂ ಹಾಗೇ ನಿಂತಿದ್ದ. ಅವನು ತನ್ನ ಜೀವಮಾನದಲ್ಲಿ ಎಳೆಗೂಸು ಎತ್ತಿಕೊಂಡವನಲ್ಲ, ತನ್ನದನ್ನೂ. ಕೂಸು ಅವನ ಮೀಸೆ ಹಿಡಿದು ಎಳೆಯುತ್ತಿತ್ತು. ಚಾಳದವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಾವ ಬಂಡಿಯ ಕಡೆ ನೋಡಿದ, ನಾಲಾದ ಕಡೆ ನೋಡಿದ. ಆಮೇಲೆ ಕೂಸನ್ನು ಒಂದು ತೋಳಿನಲ್ಲಿ ಅವಚಿಕೊಂಡು, ಇನ್ನೊಂದು ಕೈಯಿಂದ ಎತ್ತುಗಳನ್ನು ಬಿಚ್ಚಿದ.